ಮಾವ ಕೊಟ್ಟ ಗಾಡಿಯ ಹಿಂದಿನ ಮಡ್ಗಾರ್ಡು

ತಾಳವಾಡಿ ಬಸ್ ಸ್ಟ್ಯಾಂಡಿನ ಪಕ್ಕ ನನ್ನದೊಂದು ಬೈಕ್ ರಿಪೇರಿ ಶೆಡ್ಡು. ನಾನು ಸ್ಪ್ಯಾನರ್ ಹಿಡಿದು ಸುಮ್ಮನೆ ಕೂತಿದ್ದರೂ ನಗೆಪಾಟಲು ತಾನಾಗಿಯೇ ಗಾಡಿ ತಳ್ಳಿಕೊಂಡು ಬಂದುಬಿಡುತ್ತದೆ. ಒಂದು ದಿನ ಅಂಥದ್ದೇನೂ ನಡೆಯದಿದ್ದರೆ ಎದುರಿನ ಟೀ ಅಂಗಡಿಯವರೇ ಬಂದು, ಏನಣ್ಣ, ಮೈಗೆ ಹುಷಾರಿಲ್ಲವಾ ಅಂತ ವಿಚಾರಿಸುತ್ತಾರೆ. ಆದರೆ ಒಂದೇ ಗಾಡಿಯ ಒಂದೇ ತಗಡು ಮಳೆಗಾಲ ಪೂರ್ತಿ ನಗಿಸಿದ್ದು ಮಾತ್ರ ಈ ಸಲವೇ.

ಗಾಡಿ ಪಣಕಹಳ್ಳಿಯ ಒಬ್ಬ ಹೊಸ ಮದುಮಗನದು. ರಾಗಿ, ಜೋಳ, ತರಕಾರಿ ಬೆಳೆಯುವ ಮನೆ. ತಿಗನಾರೆಯಲ್ಲಿರುವ ಅವನ ಮಾವ ತಮ್ಮ ಹರೆಯದ ಕಾಲದ ಮೋಟಾರ್ ಬೈಕನ್ನು ಮದುವೆಯಲ್ಲಿ ಅವನಿಗೆ ಕೊಟ್ಟರು. ನನಗಿಂತ ವಯಸ್ಸಾದ ಗಾಡಿ, ಮೈತುಂಬ ಕುಂಕುಮದ ಬಣ್ಣ. ಕೊಡುವಾಗ ಮಾವ ಹೇಳಿದ್ದು ಇಷ್ಟೇ: "ಅಳಿಮಯ್ಯ, ಮಗಳ ಬಗ್ಗೆ ನಂಗೆ ಯೋಚ್ನೆ ಇಲ್ಲ. ಗಾಡೀನ ಚೆನ್ನಾಗಿ ನೋಡ್ಕೊ." ಆ ಮಾತು ಊರೆಲ್ಲ ಸುತ್ತಿ, ನಮ್ಮ ಟೀ ಅಂಗಡಿಯಲ್ಲಿ ಅವನಿಗೆ 'ಅಳಿಯ' ಅಂತಲೇ ಹೆಸರು ನಿಂತಿತು.

ಮೇಲಿನದು

ಆ ಅಳಿಯ ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಯಾವುದೋ ಫೋಟೋ ತೋರಿಸಿದ. ಹಿಂದಿನ ಮಡ್ಗಾರ್ಡು ಮೊಂಡು ಬಾಲದ ಹಾಗೆ ಗಿಡ್ಡಗಿದ್ದ ಗಾಡಿ. ನಮ್ಮದನ್ನೂ ನಾಲ್ಕು ಬೆರಳು ಕುಯ್ದುಕೊಡು ಅಂದ. ಮಾವನಿಗೆ ಹೇಳಿದ್ದೀಯಾ ಅಂತ ಕೇಳಿದೆ. ಅವರು ಯಾವತ್ತೂ ಮುಂದಿನಿಂದ ನೋಡುತ್ತಾರೆ, ಹಿಂದಕ್ಕೆ ಬರುವುದಿಲ್ಲ ಅಂದ.

ಚಾಕ್‌ಪೀಸಿನಲ್ಲಿ ಗೆರೆ ಎಳೆದು ಬ್ಲೇಡು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು, ಇಲ್ಲಿಗೆ ಕುಯ್ದರೆ ಚೆಂದ, ಅಲ್ಲಿಗೆ ಕುಯ್ದರೆ ಚೆಂದ ಅಂತ ತಲೆಗೊಂದು ಗೆರೆ ಎಳೆದಿದ್ದರು. ಮಡ್ಗಾರ್ಡು ಒಂದನೇ ಕ್ಲಾಸಿನ ಸ್ಲೇಟಾಗಿತ್ತು. ನನ್ನ ಗೆರೆ ಯಾವುದೋ ನನಗೇ ತಿಳಿಯಲಿಲ್ಲ. ಅಳಿಯ ಟೀ ಅಂಗಡಿಯ ಮುಂದೆ ನಿಂತಿದ್ದ. ಯಾವುದಪ್ಪಾ ಅಂತ ಕೂಗಿದೆ.

"ಮೇಲಿಂದು ಕಣಣ್ಣ," ಅಂದ.

ಎಲ್ಲಕ್ಕಿಂತ ಮೇಲಿದ್ದ ಗೆರೆಗೆ ಬ್ಲೇಡು ಇಟ್ಟು ಕುಯ್ದೆ, ಅರ ಹಾಕಿ ಅಂಚನ್ನು ನಯಮಾಡಿದೆ. ಅಳಿಯ ಬಂದು ನೋಡಿ ಅಲ್ಲೇ ಕುಕ್ಕರಿಸಿದ. ಅವನು ಮೇಲಿಂದು ಅಂದದ್ದು ಟೀ ಅಂಗಡಿಯವನಿಗೆ, ತಟ್ಟೆಯಲ್ಲಿದ್ದ ಬೋಂಡಾಕ್ಕೆ.

ನಂಬರ್ ಎಂಗೆ

ಕುಯ್ದ ತುಂಡಿನ ಜೊತೆ ನಂಬರ್ ಪ್ಲೇಟೂ ಹಿಂದಿನ ದೀಪವೂ ಕೆಳಗೆ ಬಂದಿದ್ದವು. ಅವನ್ನು ಕೂರಿಸಲು ಬೇರೆ ಪಟ್ಟಿ ಮಾಡಬೇಕು, ನಾಡಿದ್ದು ಬಾ ಅಂದೆ. ಅವನಿಗೆ ಮಾರನೇ ದಿನವೇ ಹಾಸನೂರಿನಲ್ಲಿ ಮದುವೆ. ಸರಿ, ಹೆಂಡತಿ ನಂಬರ್ ಪ್ಲೇಟನ್ನು ಉಡುಗೊರೆಯ ಚೀಲದಲ್ಲಿಟ್ಟುಕೊಂಡು ಹಿಂದೆ ಕೂತಳು.

ಕಾಡಿನ ಚೆಕ್‌ಪೋಸ್ಟಿನಲ್ಲಿ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಾಕಿದರು. ನಮ್ಮ ಸೀಮೆಯ ಮಾತು ಕನ್ನಡವಾದರೂ ಸೇರಿರುವುದು ತಮಿಳುನಾಡಿಗೆ. ಇವರು ಬೆಟ್ಟದ ಕೆಳಗಿನ ತಮಿಳು ಊರಿನಿಂದ ಹೊಸದಾಗಿ ಬಂದವರು, ತಮಿಳು ಬಿಟ್ಟರೆ ಬೇರೆ ಬಾರದು. ಗಾಡಿಯ ಹಿಂದೆ ಬಗ್ಗಿ ನೋಡಿ, "ನಂಬರ್ ಎಂಗೆ?" ಅಂದರು. ತಮಿಳಿನಲ್ಲಿ ಎಂಗೆ ಅಂದರೆ ಎಲ್ಲಿ. ಅಳಿಯನಿಗೂ ತಮಿಳು ನಮ್ಮೆಲ್ಲರಷ್ಟೇ ಚೆನ್ನಾಗಿ ಬರುತ್ತದೆ. ಆದರೆ ಹೆದರಿಕೆಗೆ ಅದೆಲ್ಲ ಮರೆತು, ಕಿವಿಗೆ ನಮ್ಮೂರಿನ 'ಎಂಗೆ'ಯೇ ಬಿತ್ತು. ಹೇಗಿದೆ ಅಂತ ಕೇಳುತ್ತಿದ್ದಾರೆ ಅಂದುಕೊಂಡು, "ಚೆನ್ನಾಗದೆ ಸಾರ್," ಅಂದ.

ಅವರು ಗದರಿಸಿ ಇನ್ನೊಮ್ಮೆ ಕೇಳಿದರು. ಇವನು ಕೈ ಮುಗಿದು, ನಿಜವಾಗಲೂ ಚೆನ್ನಾಗಿದೆ ಅಂದ. ಕೊನೆಗೆ ಹೆಂಡತಿಯೇ ಇಳಿದು, ಚೀಲದಿಂದ ಪ್ಲೇಟು ತೆಗೆದು, ಶಾಲೆಯಲ್ಲಿ ಗ್ರೂಪ್ ಫೋಟೋಗೆ ಬೋರ್ಡು ಹಿಡಿಯುವ ಹಾಗೆ ಎದೆಗೆ ಹಿಡಿದು ಗಾಡಿಯ ಹಿಂದೆ ನಿಂತಳು. ಪೊಲೀಸಪ್ಪ ನಗು ತಡೆಯಲಾರದೆ ಟೋಪಿ ತೆಗೆದು ಮುಖ ಮುಚ್ಚಿಕೊಂಡರಂತೆ. ಬೇಗ ಹಾಕಿಸು ಅಂತ ಎಚ್ಚರಿಸಿ ಬಿಟ್ಟರು. ಈಗ ಅವರೂ ನಮ್ಮ ಮಾತು ಕಲಿತಿದ್ದಾರೆ. ಅಳಿಯನನ್ನು ಕಂಡರೆ ಸಾಕು, ದೂರದಿಂದಲೇ ಕನ್ನಡದಲ್ಲಿ ಕೇಳುತ್ತಾರೆ, "ನಂಬರ್ ಎಂಗದಪ್ಪಾ, ಚೆನ್ನಾಗದಾ?"

ಸೀರೆಯ ಡಿಸೈನು

ಆಮೇಲೆ ಮಳೆ ಹಿಡಿಯಿತು. ಗಿಡ್ಡ ಮಡ್ಗಾರ್ಡಿನ ಗಾಡಿ ಕೆಸರಿನಲ್ಲಿ ಓಡಿದರೆ ಏನಾಗುತ್ತದೆ ಅಂತ ಆ ಫೋಟೋದಲ್ಲಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ನೆಂಟರ ಮನೆಯ ನಾಮಕರಣಕ್ಕೆ ಹೋದರು. ಹಿಂದಿನ ಚಕ್ರ ದಾರಿಯುದ್ದಕ್ಕೂ ಕೆಂಪು ಕೆಸರನ್ನು ಅವಳ ಬೆನ್ನಿಗೆ ಎರಚುತ್ತ ಬಂದಿದೆ. ಅವಳಿಗೆ ಗೊತ್ತೇ ಇಲ್ಲ. ಹಾಲು ಬಣ್ಣದ ಹೊಸ ಸೀರೆ, ಸೊಂಟದಿಂದ ಕುತ್ತಿಗೆಯವರೆಗೆ ಬಳ್ಳಿ ಹಬ್ಬಿದ ಹಾಗೆ ಕೆಂಪು ಚುಕ್ಕೆ.

ಅಲ್ಲಿ ಒಬ್ಬ ಅಜ್ಜಿ ಅವಳ ಬೆನ್ನು ಸವರಿ, ಕೈಕೆಲಸ ಬಲು ಚೆಂದ ಇದೆ, ಯಾವ ಅಂಗಡೀಲಿ ತಗೊಂಡೆ ಅಂತ ಕೇಳಿದರು. ಸವರಿದ ಕೈಗೆ ಡಿಸೈನು ಅಂಟಿಕೊಂಡು ಬಂತು.

ಆ ಹೆಣ್ಣುಮಗಳು ಜಗಳವಾಡಲಿಲ್ಲ. ಊಟ ಮುಗಿಸಿ ಹೊರಗೆ ಬಂದು ಬೀಗದ ಕೈಗೆ ಕೈ ಚಾಚಿದಳು. ಮದುವೆಗೆ ಮುಂಚೆ ಅಪ್ಪನ ಇದೇ ಗಾಡಿಯಲ್ಲಿ ಹೊಲದಿಂದ ಹುಲ್ಲು ಸಾಗಿಸಿದವಳು. ಕಿಕ್ಕರ್ ತುಳಿದು ಮುಂದೆ ಕೂತಳು, ಅಳಿಯ ತೆಪ್ಪಗೆ ಹಿಂದೆ ಹತ್ತಿದ. ಸಂಜೆ ನನ್ನ ಶೆಡ್ಡಿನ ಮುಂದೆ ಹಾದು ಹೋದರು. ಅವನ ಬಿಳಿ ಅಂಗಿಯ ಬೆನ್ನಿನ ಮೇಲೆ ಅಜ್ಜಿ ಮೆಚ್ಚಿದ ಅದೇ ಬಳ್ಳಿ. ದಾರಿಯಲ್ಲಿದ್ದ ಒಂದು ಗುಂಡಿಯನ್ನೂ ಅವಳು ಬಿಟ್ಟಂತೆ ಕಾಣಲಿಲ್ಲ.

ಕೋಳಿ ಕುಡಿಯುವ ನೀರು

ಕುಯ್ದ ತುಂಡನ್ನು ಅಳಿಯ ಮನೆಗೆ ಒಯ್ದಿದ್ದ. ಅವರಮ್ಮ ಅದನ್ನು ಮಗುಚಿ, ಅಲ್ಲಾಡದಂತೆ ತಳವನ್ನು ಕಲ್ಲಿನಲ್ಲಿ ಜಜ್ಜಿ, ಎರಡು ಬದಿಗೆ ಮಣ್ಣು ಮೆತ್ತಿ ಕೋಳಿಗೆ ನೀರಿಡುವ ಮರಿಗೆ ಮಾಡಿಕೊಂಡರು.

ಒಂದು ದಿನ ಮಾವ ಹೇಳದೆ ಕೇಳದೆ ಬಂದುಬಿಟ್ಟರು. ಪುಣ್ಯಕ್ಕೆ ಗಾಡಿ ದೀಪದ ಕೆಲಸಕ್ಕೆ ನನ್ನ ಶೆಡ್ಡಿನಲ್ಲಿತ್ತು. ಆದರೆ ಅವರು ಕೈ ತೊಳೆಯಲು ಹಿತ್ತಲಿಗೆ ಹೋದವರು ಕೋಳಿಗಳ ಮುಂದೆ ನಿಂತುಬಿಟ್ಟರು. ಅಳಿಯ ಒಳಗಿನಿಂದ ಬಾಗಿಲ ಸಂದಿಯಲ್ಲಿ ಇಣುಕಿ ನೋಡುತ್ತಿದ್ದ.

ಮಾವ ಬಂದು ಊಟಕ್ಕೆ ಕೂತು, ಆ ಮರಿಗೆ ಎಲ್ಲಿ ಸಿಕ್ಕಿತು ಅಂತ ಬೀಗಿತ್ತಿಯನ್ನು ಕೇಳಿದರು. ಅಳಿಯನ ಅಮ್ಮ ತಡಮಾಡದೆ, ಸಂತೇಲಿ ಅಂದರು. ಮಾವ ತಲೆಯಾಡಿಸಿ, ತಗಡು ಬಲು ಗಟ್ಟಿ, ಬಣ್ಣ ಕೂಡ ನಮ್ಮ ಗಾಡೀದೇ, ನಮ್ಮ ಕೋಳಿಗೂ ಒಂದು ತಂದುಕೊಡಿ ಅಂದರಂತೆ. ಅಂಥ ಇನ್ನೊಂದು ಬೇಕಾದರೆ ಅವರು ಇನ್ನೊಂದು ಗಾಡಿ ಕೊಡಬೇಕಿತ್ತು.

ಹೊರಡುವಾಗ, ಭಾನುವಾರ ಶೆಡ್ಡಿಗೇ ಬಂದು ಗಾಡಿ ನೋಡುತ್ತೇನೆ ಅಂದು ಹೋದರು.

ಮಾವನ ಕಣ್ಣು

ಅಳಿಯನ ಮುಖ ನೋಡಲಾಗಲಿಲ್ಲ. ಜಜ್ಜಿದ ತುಂಡನ್ನು ಮತ್ತೆ ಬೆಸೆಯುವ ಹಾಗಿರಲಿಲ್ಲ. ಇಬ್ಬರೂ ಚಾಮರಾಜನಗರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಅದೇ ಕಾಲದ ಗಾಡಿಯ ಪೂರ್ತಿ ಮಡ್ಗಾರ್ಡೊಂದನ್ನು ಹುಡುಕಿ ತಂದೆವು. ಬಣ್ಣ ಹೊಡೆದು ಕೂರಿಸಿದಾಗ, ಗಾಡಿ ಕಂಪನಿಯಿಂದ ಈಗ ತಾನೇ ಇಳಿದಂತೆ ಕಂಡಿತು.

ಭಾನುವಾರ ಮಾವ ಬಸ್ಸಿಳಿದು ಬಂದರು. ಮಗಳೂ ಅಳಿಯನೂ ನನ್ನ ಬೆನ್ನ ಹಿಂದೆ ನಿಂತಿದ್ದರು. ಮಾವ ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಆಮೇಲೆ ನಿಧಾನವಾಗಿ ಹಿಂದಕ್ಕೆ ಬಂದು ಕೂತು ಮಡ್ಗಾರ್ಡಿನ ತುದಿಗೆ ಬೆರಳಿಟ್ಟರು.

"ಮೇಸ್ತ್ರಿ, ಇದು ನನ್ ಮಡ್ಗಾರ್ಡಲ್ಲ."

ಅಳಿಯ ಅಲ್ಲೇ ಕರಗಿಹೋದ. ಫೋಟೋ, ಬೋಂಡಾ, ಕೋಳಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಮಾವ ಪೂರ್ತಿ ಕೇಳಿಸಿಕೊಂಡರು.

"ಕುಯ್ಸಿದ್ದು ಇರ್ಲಿ ಕಣಪ್ಪ, ಇಷ್ಟುದ್ದ ಯಾಕೆ ಮಾಡುಸ್ಬುಟ್ಟೆ?" ಅಂದರು. "ನಾನು ವಯಸ್ನಲ್ಲಿ ಕೊಳ್ಳೇಗಾಲಕ್ಕೋಗಿ ಎರಡು ಬೆರಳು ಕುಯ್ಸಿದ್ದೆ."

ನಾನು ಬೆಪ್ಪಾದೆ. ಮೊದಲೇ ಕುಯ್ದದ್ದನ್ನೇ ನಾನು ಕುಯ್ದಿದ್ದೆ. ಎರಡೇ ಬೆರಳು ಯಾಕೆ ಕುಯ್ಸಿದಿರಿ ಮಾವ ಅಂತ ಅಳಿಯ ಮೆಲ್ಲಗೆ ಕೇಳಿದ.

"ಇಂದೆ ನಿಮ್ಮತ್ತೆ ಕೂರವ್ಳು, ಸೀರೆಗೆ ಕೆಸ್ರಾದ್ರೆ ಬುಟ್ಟಾಳಾ ಅಂತ ಎದ್ರಿಕೆ. ಈಗ ಅವ್ಳು ಎಲ್ಗಾದ್ರೂ ಬಸ್ಸಲ್ಲೇ ಓಗದು. ಮೇಸ್ತ್ರಿ, ಬ್ಲೇಡ್ ತಗಿ."

ಚಾಕ್‌ಪೀಸು ಕಿತ್ತುಕೊಂಡು ತಾವೇ ಗೆರೆ ಎಳೆದರು. ಟೀ ಅಂಗಡಿಯ ಒಬ್ಬನಿಗೂ ಅಷ್ಟು ಮೇಲಕ್ಕೆ ಎಳೆಯುವ ಧೈರ್ಯ ಬಂದಿರಲಿಲ್ಲ. ಕುಯ್ದು, ಪ್ಲೇಟೂ ದೀಪವೂ ಕೂರಿಸಿಕೊಟ್ಟೆ. ಮಾವ ಪಂಚೆ ಎತ್ತಿ ಕಟ್ಟಿ ಹತ್ತಿದರು. ನನಗೆ ಎಂದೂ ಮಣಿಯದ ಆ ಗಾಡಿ ಅವರ ಒಂದೇ ಒದೆತಕ್ಕೆ ಗುಡುಗಿತು. ಹಾಗೇ ಒಂದು ಸುತ್ತು ಹೋಗಿ ಬರುತ್ತೇನೆ ಅಂದವರು ತಿಗನಾರೆ ರಸ್ತೆ ಹಿಡಿದರು. ಮಗಳು ಅಳಿಯ ಕಾದು ಕಾದು ಬಸ್ಸಿನಲ್ಲಿ ಊರಿಗೆ ಹೋದರು.

ಗಾಡಿ ಇವತ್ತಿಗೂ ತಿಗನಾರೆಯಲ್ಲೇ ಇದೆ. ಅಳಿಯ ಕೇಳಲು ಹೋದಾಗಲೆಲ್ಲ ಮಾವ ಮಡ್ಗಾರ್ಡನ್ನು ಟವಲಿನಿಂದ ಒರೆಸುತ್ತ ಹೇಳುತ್ತಾರಂತೆ, "ನಾನ್ ನಿಂಗೆ ಕೊಟ್ಟಿದ್ದು ಮುದುಕನ್ ಗಾಡಿ ಕಣಪ್ಪ. ಇದು ವಯಸ್ಸಿನ್ ಉಡುಗ್ರ ಗಾಡಿ."