ಇಂಜಿನ್ ತಿಂದ ಕಣಕ

"ಈ ಭಾನುವಾರ ಒಣಕೆರೆ ಮೇಲೆ ನನ್ನ ನಾಲ್ಕು ಸಿಲಿಂಡರು ನೂರು ಮೈಲಿ ವೇಗ ದಾಟದೇ ಹೋದ್ರೆ ನಾನು ವೆಂಡೆಲ್ ಹಾಚ್‌ಕಿಸ್ಸೇ ಅಲ್ಲ!" ಎಂದು ವೆಂಡೆಲ್ ಸ್ಪ್ಯಾನರ್ ಎತ್ತಿ ಶಪಥ ಮಾಡಿದಾಗ, ಅವನ ಹೆಂಡತಿ ಓಪಲ್ ಸೇಬಿನ ಪೈಗೆ ಕಣಕ ಕಲಸುತ್ತಿದ್ದಳು.

"ಹೆಸರು ನೀನೇ ಇಟ್ಕೋ," ಅಂದಳು. "ದಾಟ್ಲಿಲ್ಲ ಅಂದ್ರೆ ಆ ಇಂಜಿನ್ ಗುಜರಿಗೆ. ನನ್ನ ತಮ್ಮ ಕೊಡ್ತೀನಿ ಅಂದಿರೋ ವಿ-ಎಯ್ಟು ಅದರ ಜಾಗಕ್ಕೆ."

ವಿ-ಎಯ್ಟು! ಎಂಟು ಸಿಲಿಂಡರು! ಯುದ್ಧ ಮುಗಿಸಿ ಸ್ಯಾನ್ ಬರ್ನಾರ್ಡಿನೋಗೆ ಮರಳಿದ ಹುಡುಗರೆಲ್ಲ ಅದಕ್ಕೇ ಮರುಳಾಗಿದ್ದರು. ಹಳೇ ಕಾರಿನ ಟಾಪು, ಮಡ್‌ಗಾರ್ಡು ಕಿತ್ತೆಸೆದು, ಎಂಟು ಸಿಲಿಂಡರು ಕೂರಿಸಿ, ಭಾನುವಾರ ಬಂತೆಂದರೆ ಒಣಕೆರೆಯಲ್ಲಿ ಧೂಳೆಬ್ಬಿಸುತ್ತಿದ್ದರು. ವೆಂಡೆಲ್ ಒಬ್ಬನೇ ಅಪ್ಪನ ಕಾಲದ ನಾಲ್ಕನ್ನು ಹಿಡಿದು ಕೂತಿದ್ದ. ಎಂಟರಲ್ಲಿ ಯಾವ ದಡ್ಡನೂ ಓಡಿಸಿಯಾನು, ನಾಲ್ಕರಲ್ಲಿ ಓಡಿಸಲು ತಲೆ ಬೇಕು ಎಂಬುದು ಅವನ ವಾದ. ಬಾಮೈದ ಕ್ಲೀಟ್ ಅದನ್ನು ಹೊಲಿಗೆ ಮಷೀನು ಎಂದೇ ಕರೆಯುತ್ತಿದ್ದ. "ಭಾವ, ರೇಸ್ ಮುಗಿದ್ಮೇಲೆ ನನ್ನ ಪ್ಯಾಂಟಿಗೊಂದೆರಡು ಹೊಲಿಗೆ ಹಾಕ್ಕೊಡು," ಅನ್ನುತ್ತಿದ್ದ. ಹೊಟ್ಟೆ ಉರಿಯದೇ ಇರುತ್ತದೆಯೇ?

ವೆಂಡೆಲ್ ಇಂಜಿನ್ನಿನ ಹೆಡ್ ಬಿಚ್ಚಿದ. ಈ ಹಳೇ ಇಂಜಿನ್ನಿಗೆ ಹೆಡ್ ಎಂದರೆ ಮೇಲೊಂದು ಚಪ್ಪಟೆ ಮುಚ್ಚಳ, ಅಷ್ಟೆ. ಅದರ ತಳ ಹೆರೆಸಿದರೆ ಒಳಗಿನ ಜಾಗ ಇಕ್ಕಟ್ಟಾಗುತ್ತದೆ, ಇಕ್ಕಟ್ಟಾದಷ್ಟೂ ಇಂಜಿನ್ ಜೋರಾಗಿ ಒದ್ದು ಓಡುತ್ತದೆ. ಅವನು ಎಲ್ಲರಿಗಿಂತ ಒಂದು ಕೈ ಹೆಚ್ಚಾಗಿಯೇ ಹೆರೆಸಿದ. ಆದರೆ ತೀರಾ ಹೆರೆದರೆ ವಾಲ್ವುಗಳು ಮೇಲೆದ್ದು ಮುಚ್ಚಳಕ್ಕೇ ಗುದ್ದಿ ಇಂಜಿನ್ ಪುಡಿಯಾಗುತ್ತದೆ. ಅದಕ್ಕೇ ಪಳಗಿದವರು ವಾಲ್ವಿನ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು, ಮುಚ್ಚಳ ಬಿಗಿದು, ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಬಿಚ್ಚಿ, ಮಣ್ಣು ಎಷ್ಟು ತೆಳ್ಳಗಾಗಿದೆ ಎಂದು ನೋಡುತ್ತಾರೆ.

ಮನೆಯಲ್ಲಿ ಜೇಡಿಮಣ್ಣಿರಲಿಲ್ಲ. ಒದ್ದೆಬಟ್ಟೆ ಹೊದ್ದುಕೊಂಡು ಓಪಲ್‌ಳ ಕಣಕವಿತ್ತು!

ಅವಳು ಬಟ್ಟೆ ಒಣಹಾಕಲು ಹೋದದ್ದೇ ತಡ, ಅರ್ಧ ಕಣಕ ಇಂಜಿನ್ನಿಗೆ ನೈವೇದ್ಯವಾಯಿತು. ತಿರುಗಿಸಿ, ಬಿಚ್ಚಿ ನೋಡಿದರೆ, ಆಹಾ, ಕೂದಲೆಳೆಯಷ್ಟು ಜಾಗ ಉಳಿದಿದೆ! ವೆಂಡೆಲ್ ಕುಣಿದಾಡಿಬಿಟ್ಟ. ಕೆಳಗಂಟಿದ ಕಣಕವನ್ನು ಕೆರೆದು ಒರೆಸಿ, ಮುಚ್ಚಳ ಬಿಗಿದ. ಮುಚ್ಚಳದ ಒಳಮೈಗೂ ಕಣಕ ಮೆತ್ತಿಕೊಂಡಿರಬಹುದೆಂದು ತಿರುಗಿಸಿ ನೋಡುವ ಬುದ್ಧಿ ಆ ತಲೆಗೆ ಬರಲಿಲ್ಲ.

ಓಪಲ್ ಬಂದು ನೋಡಿದಳು. ಕಣಕ ಅರ್ಧ ಮಾಯ! ಮೂಲೆಯಲ್ಲಿ ಮಲಗಿದ್ದ ನಾಯಿ ಹ್ಯಾಂಕ್‌ಗೆ ಬೈಗುಳದ ಸುರಿಮಳೆಯಾಯಿತು, ಬಾಗಿಲಾಚೆ ಗಡೀಪಾರೂ ಆಯಿತು. ವೆಂಡೆಲ್ ಇಂಜಿನ್ನಿನ ಮೇಲೆ ಬಗ್ಗಿ, ಬಿಗಿದ ಬೋಲ್ಟನ್ನೇ ಮತ್ತೆ ಬಿಗಿದ.

ಭಾನುವಾರ ಒಣಕೆರೆಯಲ್ಲಿ ಇಂಜಿನ್ ಕೆಮ್ಮಿತು, ಬಿಕ್ಕಳಿಸಿತು, ಕಪ್ಪು ಹೊಗೆ ಉಗುಳಿತು. ಕ್ಲೀಟ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಒಳಗೆ ಮೆತ್ತಿದ್ದದ್ದು ಸುಟ್ಟು ಹಾರಿಹೋಯಿತೋ ಏನೋ, ಒಮ್ಮೆ ಗುಡುಗಿ ಹೊರಟಿತು ನೋಡಿ! ನೂರೆರಡು ಮೈಲಿ! ಧೂಳು ಇಳಿದ ಮೇಲೆ ಜನರೆಲ್ಲ ಮೂಗರಳಿಸಿದರು. ಕೆರೆಯ ಉದ್ದಕ್ಕೂ ಬೆಣ್ಣೆ, ಜಾಯಿಕಾಯಿ ಸೇರಿ ಬೆಂದ ಘಮಲು.

"ಭಾವ, ಪೆಟ್ರೋಲಿಗೆ ಏನ್ ಹಾಕ್ದೆ?" ಎಂದ ಕ್ಲೀಟ್, ಮೊದಲ ಸಲ ಮರ್ಯಾದೆಯಿಂದ.

ಮರೆತು ಬಿಟ್ಟದ್ದು ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವೆಂಡೆಲ್ ಎದೆಯುಬ್ಬಿಸಿದ. "ಪೆಟ್ರೋಲಿಗಲ್ಲ, ಹೆಡ್ಡಿಗೆ. ಪೈ ಕಣಕ. ವರ್ಷಗಟ್ಟಲೆ ಲೆಕ್ಕ ಹಾಕಿ ಕಂಡ್ಹಿಡಿದಿದ್ದು."

ಕಣಕ ಸಾಲದೆ ಮೇಲ್ಮುಚ್ಚಳವಿಲ್ಲದೇ ಬೆಂದ ಪೈ ಹಿಡಿದು ನಿಂತಿದ್ದ ಓಪಲ್ ಅವನನ್ನೇ ನೋಡಿದಳು. ಆಡಿದ ಮಾತಿಗೆ ತಪ್ಪುವವಳಲ್ಲ. "ಇಂಜಿನ್ ಉಳೀತು. ನಿನ್ನ ವಿಷಯ ಮನೇಲಿ ನೋಡ್ಕೋತೀನಿ," ಎಂದಳು.

ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ! ಮುಂದಿನ ಭಾನುವಾರದ ಹೊತ್ತಿಗೆ ಊರಿನ ರೇಸುಗಾರರ ಅಡುಗೆಮನೆಗಳಲ್ಲಿ ಚೂರು ಕಣಕವೂ ಉಳಿದಿರಲಿಲ್ಲ. ಒಣಕೆರೆಯಲ್ಲಿ ಒಂದು ಕಾರೂ ಅಲುಗಲಿಲ್ಲ. ಕ್ಲೀಟನದಂತೂ ಎಂಟು ಸಿಲಿಂಡರು ನೋಡಿ, ಕಣಕವೂ ಎರಡರಷ್ಟು. ಇಂಜಿನ್ ಉಸಿರುಕಟ್ಟಿ ಸತ್ತೇಹೋಯಿತು. ಸಂಜೆಗೆ ರೇಸುಗಾರರ ಹೆಂಡಂದಿರು ಲಟ್ಟಣಿಗೆ ಹಿಡಿದು ವೆಂಡೆಲ್‌ನ ಬಾಗಿಲಿಗೆ ಬಂದರು. ಮುಂದಾಳು ಕ್ಲೀಟನ ಹೆಂಡತಿಯೇ.

"ಒಳಗೆ ಬನ್ನಿ, ವಿಜ್ಞಾನಿಗಳು ಮನೇಲೇ ಇದಾರೆ," ಎಂದು ಓಪಲ್ ಬಾಗಿಲು ತೆರೆದಳು.

ವೆಂಡೆಲ್ ಗೋಡೆಗೆ ಅಂಟಿಕೊಂಡು ನಿಜ ಹೇಳಿದ. ತೀರ್ಪೂ ಆಯಿತು: ಅಷ್ಟು ಮನೆಗೂ ಅವನೇ ಪೈ ಮಾಡಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಮಾಡ್ತೀನಿ! ನಾಲ್ಕರಲ್ಲಿ ನೂರು ಓಡ್ಸಿದೋನಿಗೆ ಪೈ ಯಾವ ಲೆಕ್ಕ?" ಎನ್ನುತ್ತಾ ಏಪ್ರನ್ ಕಟ್ಟಿ, ಇಂಜಿನ್ ಅಳೆಯುವ ಗೇಜಿನಿಂದಲೇ ಕಣಕದ ದಪ್ಪ ಅಳೆದಳೆದು ಲಟ್ಟಿಸಿ ಬೇಯಿಸಿದ.

"ಮೊದಲನೇದು ಹ್ಯಾಂಕ್‌ಗೆ. ಪಾಪ, ಸುಮ್ಸುಮ್ನೆ ಬೈಸ್ಕೊಂಡಿದೆ," ಎಂದು ಓಪಲ್ ದೊಡ್ಡ ತುಂಡೊಂದನ್ನು ನಾಯಿಯ ಮುಂದಿಟ್ಟಳು.

ಹ್ಯಾಂಕ್ ಮೂಸಿತು. ವೆಂಡೆಲ್‌ನ ಮುಖ ನೋಡಿತು. ಇನ್ನೊಮ್ಮೆ ಮೂಸಿ, ಎದ್ದು ತಾನಾಗಿಯೇ ಬಾಗಿಲಾಚೆ ಹೋಗಿ ಮಲಗಿತು.

"ಇಂಜಿನ್ನಿಗೇ ಹಾಕು," ಎಂದಳು ಓಪಲ್. "ಅದಾದ್ರೂ ತಿನ್ನುತ್ತೆ."