ಹತ್ತಲಿಕ್ಕೂ ಇಳಿಯಲಿಕ್ಕೂ ಒಂದೇ ಬೂಟು

ಅಂಗಡಿಗೆ ಹೋಗಿ, ಎದುರಿಗೆ ಕಂಡದ್ದನ್ನು ಕೈಗೆತ್ತಿಕೊಂಡು, "ಇದು ಸಾಕು" ಎಂದು ದುಡ್ಡು ಕೊಟ್ಟು ಹೊರಗೆ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನ್ನಿಂದ ಅದು ಎಂದೂ ಆಗಿಲ್ಲ. ಹಲ್ಲುಜ್ಜುವ ಬ್ರಷ್ ಕೊಳ್ಳಲು ಹೋದರೂ ಗಟ್ಟಿಯದೋ ಮೆತ್ತನೆಯದೋ ಎಂದು ನಿಂತಲ್ಲೇ ನಿಂತುಬಿಡುತ್ತೇನೆ. ಕೊನೆಗೆ ನನ್ನ ಹೆಂಡತಿ ಸುಮ ಯಾವುದೋ ಒಂದನ್ನು ಗಾಡಿಗೆ ಹಾಕಿ ನನ್ನನ್ನು ತೋಳು ಹಿಡಿದು ಎಳೆದುಕೊಂಡು ಹೋಗಬೇಕು. ಇದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣವಿರಬಹುದು. ಶಿಕಾಗೋ ಹೊರವಲಯದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ಎಂಜಿನಿಯರ್. ಬಂದ ಬಿಡಿಭಾಗಗಳನ್ನೆಲ್ಲ ಅಳೆದು ನೋಡಿ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಪಕ್ಕಕ್ಕಿಡುವುದಕ್ಕೇ ಅವರು ನನಗೆ ಸಂಬಳ ಕೊಡುತ್ತಾರೆ. ಇದರ ಜೊತೆಗೆ ನನಗೆ ಇನ್ನೊಂದು ಚಟವೂ ಇದೆ. ತಂದ ವಸ್ತು ಎರಡು ಕೆಲಸಕ್ಕೆ ಬರಬೇಕು. ವುಡ್‌ರಿಡ್ಜ್‌ನಲ್ಲಿ ಮನೆ ಕೊಂಡಾಗ ಹನ್ನೊಂದು ಅಂಗಡಿ ತಿರುಗಿ ಒಂದು ಸೋಫಾ ಕಮ್ ಬೆಡ್ ತಂದೆ. ಅದರ ಮೇಲೆ ಕೂತವರಿಗೆ ಸೊಂಟ ಹಿಡಿಯುತ್ತದೆ, ಮಲಗಿದವರಿಗೆ ಕತ್ತು ಹಿಡಿಯುತ್ತದೆ. ಹಬ್ಬಕ್ಕೆ ಪಕ್ಕದ ಊರಿನ ಲೆಮಾಂಟ್ ದೇವಸ್ಥಾನಕ್ಕೆಂದು ದೂರದಿಂದ ಬಂದು ನಮ್ಮಲ್ಲಿ ನಾಲ್ಕು ದಿನ ಇರುತ್ತೇವೆ ಎಂದವರು ಎರಡನೆಯ ದಿನವೇ ಏನೋ ಅರ್ಜೆಂಟ್ ಕೆಲಸ ಬಂತೆಂದು ಹೊರಟುಬಿಡುತ್ತಾರೆ.

ಇಂಥವನಿಗೆ ಸ್ಕೀ ಬೂಟು ಕೊಳ್ಳಲು ಹೇಳಿದವನು ನನ್ನ ಗೆಳೆಯ ಖಾದರ್. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಅಮೆರಿಕಕ್ಕೆ ಬಂದದ್ದೂ ಹೆಚ್ಚುಕಡಿಮೆ ಒಟ್ಟಿಗೆ. ನಾನು ಇಲ್ಲಿಗೆ ಬಂದೆ, ಅವನು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ಗೆ ಹೋಗಿ ಕಾರಿನ ಬಿಡಿಭಾಗ ಮಾಡುವ ಕಂಪನಿ ಸೇರಿದ. ನಡುವೆ ಐದು ಗಂಟೆಯ ಡ್ರೈವ್. ಅವನು ಸಹೋದ್ಯೋಗಿಗಳ ಜೊತೆ ಸೇರಿ, ಕಾಲಿಗೆ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಮಂಜಿನ ಮೇಲೆ ಜಾರುವ ಸ್ಕೀ ಕಲಿತ, ಮಗಳು ನಸ್ರೀನಳಿಗೂ ಕಲಿಸಿದ. ಹೊಸ ಸಹಸ್ರಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ಒಂದು ಭಾನುವಾರ ಫೋನ್ ಮಾಡಿ, "ಲೇ ಶ್ರೀಧರ, ಕುರ್ಚಿ ಲಿಫ್ಟಲ್ಲಿ ಕುಂತು ಮ್ಯಾಲೆ ಹೋಗಿ ಜಾರ್ಕೊಂಡು ಬರೋದು ಸಾಕಾಗೈತೆ ಕಣಲೆ. ಉತ್ತರ ಮಿಶಿಗನ್ನಲ್ಲಿ ಒಂದು ಗುಡ್ಡ ಐತೆ, ಲಿಫ್ಟೇ ಇಲ್ಲ. ನಾವೇ ಹತ್ತಬೇಕು, ನಾವೇ ಇಳೀಬೇಕು. ಇಬ್ರೇ ಹೋಗಾಣ. ನೀನು ಒಂದು ಜೊತೆ ಬೂಟು ತಗಂಡು ಬಾ, ಉಳಿದಿದ್ದೆಲ್ಲ ನಾನು ನೋಡ್ಕಂತೀನಿ" ಅಂದ. ನಾನು ಹೂಂ ಅಂದೆ. ಮೂರು ವಾರದಲ್ಲಿ ಹೋಗುವುದೆಂದು ಮಾತಾಯಿತು.

ಆಮೇಲೆ ಗೊತ್ತಾಯಿತು, ಸ್ಕೀ ಬೂಟಿನಲ್ಲಿ ಎರಡು ಜಾತಿ. ಇಳಿಯುವ ಬೂಟು ಸಿಮೆಂಟಿನ ಹಾಗೆ ಗಟ್ಟಿ. ಇಳಿಯುವಾಗ ಕಾಲು ಅಲ್ಲಾಡಬಾರದು, ಸರಿ, ಆದರೆ ಅದನ್ನು ಹಾಕಿಕೊಂಡು ನಡೆಯುವುದೆಂದರೆ ಎರಡು ಕಾಲನ್ನೂ ಬಕೆಟ್ಟಿನಲ್ಲಿಟ್ಟು ನಡೆದ ಹಾಗೆ. ಹತ್ತುವ ಬೂಟು ಹಗುರ, ಪಾದದ ಗಿಣ್ಣಿನ ಹತ್ತಿರ ಬಾಗುತ್ತದೆ, ಆದರೆ ಅದರಲ್ಲಿ ಇಳಿದರೆ ಕಾಲು ಒಂದು ಕಡೆ, ಸ್ಕೀ ಒಂದು ಕಡೆ. ಇವೆರಡರ ನಡುವೆ, ಎರಡೂ ಕೆಲಸಕ್ಕೆ ಆಗುತ್ತದೆ ಎನ್ನುವ ಮೂರನೆಯ ಜಾತಿಯೊಂದಿತ್ತು. ಹಿಂಭಾಗದಲ್ಲಿ ಒಂದು ಸಣ್ಣ ಸನ್ನೆಗೋಲು. ಮೇಲಕ್ಕೆತ್ತಿದರೆ ಬೂಟು ಸಡಿಲವಾಗಿ ನಡೆಯಲು ಬರುತ್ತದೆ, ಕೆಳಕ್ಕೆ ಒತ್ತಿದರೆ ಬಿಗಿಯಾಗಿ ಇಳಿಯಲು ಬರುತ್ತದೆ. ಎರಡು ಕೆಲಸಕ್ಕೆ ಒಂದೇ ವಸ್ತು! ನನಗೆಂದೇ ಯಾರೋ ಕೂತು ಮಾಡಿದಂತಿತ್ತು. ಆದರೆ ಅಂಥವು ಒಂಬತ್ತು ಬಗೆ ಇದ್ದವು. ಒಂದು ಹಗುರ, ಆದರೆ ಗಟ್ಟಿಯಿಲ್ಲ. ಇನ್ನೊಂದು ಗಟ್ಟಿ, ಆದರೆ ಎತ್ತಲು ಆಳು ಬೇಕು. ಮತ್ತೊಂದರ ರಬ್ಬರ್ ಅಡಿ ಮಂಜಿನಲ್ಲಿ ಜಾರುವುದಿಲ್ಲ, ಆದರೆ ಸ್ಕೀ ಹಲಗೆಯ ಕೊಂಡಿಯಲ್ಲಿ ಸರಿಯಾಗಿ ಕೂರುವುದಿಲ್ಲವಂತೆ. ನಾನು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಮೊದಲು ಐದು ಕಾಲಂ ಇದ್ದದ್ದು ಜನವರಿ ಹೊತ್ತಿಗೆ ಹದಿನಾಲ್ಕಾಯಿತು. ಲೆಮಾಂಟ್ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತವರ ಹತ್ತಿರವೂ ಬೂಟಿನ ಮಾತು ತೆಗೆದೆ. ಕೆಲವರು ನನ್ನನ್ನು ಕಂಡ ಕೂಡಲೇ ಮಜ್ಜಿಗೆ ತರುವ ನೆಪದಲ್ಲಿ ದೂರ ಹೋಗತೊಡಗಿದರು.

ಇಷ್ಟು ದಿನದಲ್ಲಿ ನೀವು ಸ್ಕೀ ಮಾಡುವುದನ್ನಾದರೂ ಕಲಿತಿರಾ ಎಂದು ಯಾರಾದರೂ ಕೇಳಬಹುದು. ಇಲ್ಲ. ಬೂಟು ಬರಲಿ, ಆಮೇಲೆ ಕಲಿಯೋಣ ಎಂದುಕೊಂಡಿದ್ದೆ. ನಮ್ಮ ವುಡ್‌ರಿಡ್ಜ್ ಬೇರೆ ದೋಸೆಕಲ್ಲಿನ ಹಾಗೆ ಚಪ್ಪಟೆ; ಹೆದ್ದಾರಿಯ ಮೇಲ್ಸೇತುವೆಯೇ ನಮ್ಮ ಪಾಲಿಗೆ ಪರ್ವತ. ಆ ಚಳಿಗಾಲದಲ್ಲಿ ಖಾದರ್ ಮೂರು ಸಲ ದಿನ ಗೊತ್ತು ಮಾಡಿದ, ನಾನು ಮೂರು ಸಲವೂ ಮುಂದೆ ಹಾಕಿದೆ. ಪ್ರತಿ ಭಾನುವಾರ ಫೋನ್ ಎತ್ತಿದರೆ ಹಲೋ ಇಲ್ಲ, ಹೇಗಿದ್ದೀಯ ಇಲ್ಲ, "ಬೂಟು ಆಯ್ತೇನಲೆ?" ಎನ್ನುವುದೇ ಅವನ ಮೊದಲ ಮಾತು. ನಾನು ಹದಿನಾಲ್ಕು ಕಾಲಮ್ಮಿನ ವರದಿ ಒಪ್ಪಿಸುತ್ತಿದ್ದೆ. ಅವನು ಪೂರ್ತಿ ಕೇಳಿ, "ಯಾವುದಾದ್ರೂ ಒಂದು ತಗಳಪ್ಪ, ಮದ್ವೆ ಆಗ್ತಿಲ್ಲ ನೀನು ಅದನ್ನ" ಎಂದು ನಗುತ್ತಿದ್ದ. ಮಾರ್ಚ್ ಬಂತು, ಮಂಜು ಕರಗಿತು. ಬರುವ ವರ್ಷ ಖಂಡಿತ ಎಂದೆ. ಆಗ ಅವನು ಗುಂಡುಕಲ್ಲಿನ ಹಾಗಿದ್ದ.

ನವೆಂಬರಿನ ಒಂದು ಭಾನುವಾರ ಫೋನ್ ಬಂದಾಗ ಅವನು ಬೂಟಿನ ಮಾತೆತ್ತಲಿಲ್ಲ. ಸುಮ ಹೇಗಿದ್ದಾಳೆ, ಊರಿಗೆ ಯಾವಾಗ ಹೋಗ್ತೀರಿ ಎಂದು ಏನೇನೋ ಕೇಳಿದ. ಆಮೇಲೆ, "ಹೊಟ್ಟೇಲಿ ಏನೋ ಐತಂತೆ ಕಣಲೆ. ಲಿವರಿಗೂ ಹೋಗೈತಂತೆ. ಡಾಕ್ಟ್ರು ಒಳ್ಳೆ ಮಾತು ಆಡ್ತಿಲ್ಲ" ಅಂದ. ನಾನು ಯಾವ ಆಸ್ಪತ್ರೆ, ಯಾವ ಡಾಕ್ಟ್ರು ಎಂದು ಕೇಳತೊಡಗಿದೆ. ಅವನು ಮಾತು ಬದಲಿಸಿ, "ಬೂಟು ಎಲ್ಲಿಗೆ ಬಂತು?" ಎಂದ. "ಎರಡು ಉಳಿದಿದೆ ಕಣೋ, ಅದರಲ್ಲಿ ಯಾವುದು ಅಂತ ನೋಡ್ತಿದೀನಿ" ಅಂದೆ. "ಸ್ವಲ್ಪ ಬೇಗ ನೋಡಪ್ಪ" ಅಂದ. ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಅವಸರಪಡಿಸಿದ್ದು ಅದೊಂದೇ ಸಲ.

ಹೇಳಲು ನಾಚಿಕೆಯಾಗುತ್ತದೆ, ಅದಾದ ಮೇಲೂ ನನಗೆ ಮೂರು ಶನಿವಾರ ಹಿಡಿಯಿತು. ಅಂಗಡಿಯಲ್ಲಿ ಬೂಟು ಹೊಂದಿಸಿ ಕೊಡುವ ವಾಲ್ಟರ್ ಎಂಬ ವೃದ್ಧರಿದ್ದರು. ಒಳಗಿನ ಮೆತ್ತೆ ತೆಗೆದು, ಬರೀ ಹೊರಕವಚದಲ್ಲಿ ನನ್ನ ಪಾದ ಇಡಿಸಿ, ಹಿಮ್ಮಡಿಯ ಹಿಂದೆ ಎರಡು ಬೆರಳು ತೂರಿಸಿ ನೋಡಿದರು. ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದೆ ತಾಗಬೇಕಂತೆ, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕಂತೆ. ನಾನು ಒಂದು ಸೈಜ್ ದೊಡ್ಡದು ಕೊಡಿ ಎಂದೆ. ನಮ್ಮಲ್ಲಿ ಅದು ಚಿಕ್ಕಂದಿನಿಂದ ಬಂದ ರೂಢಿ. ಶಾಲೆ ಶುರುವಾಗುವ ಮೊದಲು ಚಪ್ಪಲಿ ಕೊಳ್ಳುವಾಗ ಅಪ್ಪ, ಕಾಲು ಬೆಳೆಯುತ್ತೆ, ದೊಡ್ಡದೇ ಕೊಡಿ ಅನ್ನುತ್ತಿದ್ದರು. ವಾಲ್ಟರ್ ನನ್ನ ವಯಸ್ಸು ಕೇಳಿದರು. ನಲವತ್ತೆಂಟು ಅಂದೆ. ಇನ್ನು ಬೆಳೆಯುವ ಹಾಗೆ ಕಾಣುವುದಿಲ್ಲ ಎಂದು ಗಂಭೀರವಾಗಿ ಹೇಳಿ ಅಳತೆಯದನ್ನೇ ಕೊಟ್ಟರು. ಬಿಲ್ಲು ಮಾಡುವಾಗ ಇನ್ನೊಂದು ಮಾತು ಹೇಳಿದರು. ದಿನಾ ಸಂಜೆ ಒಂದು ಗಂಟೆ ಇದನ್ನು ಹಾಕಿಕೊಂಡು ಮನೆಯಲ್ಲಿ ಓಡಾಡಬೇಕು, ಆಗ ಮೆತ್ತೆ ನನ್ನ ಪಾದಕ್ಕೆ ಒಗ್ಗಿಕೊಳ್ಳುತ್ತದೆ.

ಮನೆಯೊಳಗೆ ಬೂಟು! ವಾಲ್ಟರಿಗೆ ನಮ್ಮ ಮನೆ ಗೊತ್ತಿಲ್ಲ. "ಇನ್ನೂ ನೆಲವನ್ನೇ ಮುಟ್ಟಿಲ್ಲ ಕಣೆ, ದೇವರ ಮನೆಯಲ್ಲಿಟ್ಟರೂ ಮೈಲಿಗೆಯಿಲ್ಲ" ಎಂದು ವಾದ ಮಾಡಿದೆ. ಸುಮ ಸೊಪ್ಪು ಸೋಸುತ್ತ, "ಹೊಸದಾದ್ರೂ ಬೂಟು ಬೂಟೇ ರೀ. ಹೊಸಲು ದಾಟಿ ಬರೋ ಹಾಗಿಲ್ಲ" ಎಂದಳು. ಹಾಗಾಗಿ ಗರಾಜೇ ಗತಿಯಾಯಿತು. ಡಿಸೆಂಬರಿನಲ್ಲಿ ಹೊರಗೆ ಹತ್ತು ಡಿಗ್ರಿ, ಫ್ಯಾರನ್‌ಹೀಟ್ ಲೆಕ್ಕದಲ್ಲಿ; ಊರಿನ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಗೆ. ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವೆ ಹನ್ನೆರಡು ಹೆಜ್ಜೆ ಜಾಗ. ಟಕ್ ಟಕ್ ಎಂದು ಹೋಗುವುದು, ಟಕ್ ಟಕ್ ಎಂದು ಬರುವುದು. ಒಬ್ಬನೇ ಓಡಾಡಲು ಬೇಜಾರಾಗಿ ಕಾರ್ಡ್‌ಲೆಸ್ ಫೋನ್ ತೆಗೆದುಕೊಂಡು ಹೋಗಿ ಖಾದರಿಗೆ ಫೋನ್ ಮಾಡತೊಡಗಿದೆ. ಭಾನುವಾರದ ಫೋನು ದಿನದ ಫೋನಾಯಿತು. ಅವನಿಗೆ ಬೂಟಿನ ಸದ್ದು ಕೇಳಿಸಬೇಕಿತ್ತು. "ಫೋನ್ ಕೆಳಗಿಡಲೆ, ನಡಿ ನೋಡಾಣ" ಅನ್ನುತ್ತಿದ್ದ. ಹಾಸ್ಟೆಲಿನ ಸಾರಿನ ಬಗ್ಗೆ ಮಾತಾಡಿದೆವು, ಒಮ್ಮೆ ಚಿತ್ರದುರ್ಗದ ಕೋಟೆ ಹತ್ತುವಾಗ ನನ್ನ ಚಪ್ಪಲಿ ಕಿತ್ತುಹೋಗಿ ಅವನು ತನ್ನದರಲ್ಲಿ ಒಂದನ್ನು ನನಗೆ ಕೊಟ್ಟು, ಇಬ್ಬರೂ ಒಂದೊಂದೇ ಹಾಕಿಕೊಂಡು ಇಳಿದದ್ದರ ಬಗ್ಗೆ ಮಾತಾಡಿದೆವು. ಕೆಲವು ದಿನ ಚಿಕಿತ್ಸೆಯಿಂದ ಬಂದು ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಫೋನ್ ಕಿವಿಗಿಟ್ಟುಕೊಂಡು ಸುಮ್ಮನಿರುತ್ತಿದ್ದ, ನಾನು ಸುಮ್ಮನೆ ನಡೆಯುತ್ತಿದ್ದೆ. ಸುಮ ಒಂದು ದಿನ ಕಾಫಿ ತಂದಳು, ಮಾರನೆಯ ದಿನ ಸಣ್ಣ ಹೀಟರ್ ತಂದು ಇಟ್ಟು ಒಳಗೆ ಹೋದಳು.

ಫೆಬ್ರವರಿಯಲ್ಲಿ ಬೂಟನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಕ್ಯಾಂಟನ್‌ಗೆ ಹೋದೆವು. ಗುಡ್ಡದ ಮಾತು ಆ ಹೊತ್ತಿಗೆ ಯಾರೂ ಆಡುತ್ತಿರಲಿಲ್ಲ. ಖಾದರ್ ನಡುಮನೆಯ ಒರಗು ಕುರ್ಚಿಯಲ್ಲಿದ್ದ, ಅಂಗಿಯೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕಿತ್ತು. "ತಂದ್ಯಾ? ಹಾಕ್ಕಂಡು ಒಳಗೆ ಬಾ, ನೋಡಾಣ" ಅಂದ. ಅವರ ಮನೆಯಲ್ಲೂ ನಮ್ಮ ಮನೆಯದೇ ಕಟ್ಟಳೆ. ಆ ಕಾರ್ಪೆಟ್ಟಿನ ಮೇಲೆಯೇ ನಮಾಜ್ ಮಾಡುತ್ತಾರೆ, ಬಾಗಿಲಲ್ಲಿ ಎಲ್ಲರ ಚಪ್ಪಲಿ ಸಾಲಾಗಿರುತ್ತದೆ. ನಾನು ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತೆ. ಅವನ ಹೆಂಡತಿ ಶಾಹಿದಾ ಭಾಭಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, "ಹಾಕ್ಕೊಂಡೇ ಬನ್ನಿ ಭಾಯ್. ಕಾರ್ಪೆಟ್ ತೊಳೆದ್ರೆ ಹೋಗುತ್ತೆ" ಅಂದರು. ನಾನು ಸುಮಳ ಮುಖ ನೋಡಿದೆ. ಅವಳು, "ಹಾಕ್ಕೊಳ್ರೀ" ಅಂದಳು.

ಟೀವಿ ಹತ್ತಿರ ಗುಡ್ಡದ ತುದಿ, ಸೋಫಾ ಹತ್ತಿರ ಬುಡ. ನಸ್ರೀನ್ ನಡುವೆ ಕೈ ಚಾಚಿ ಮರವಾಗಿ ನಿಂತಳು. ಖಾದರ್ ಕುರ್ಚಿಯಿಂದಲೇ ಅಪ್ಪಣೆ ಕೊಟ್ಟ. ಸನ್ನೆ ಮ್ಯಾಲೆತ್ತು, ಹತ್ತು. ಉಸಿರು ತಗ. ಈಗ ಸನ್ನೆ ಒತ್ತು. ಮೊಣಕಾಲು ಬಗ್ಸಲೆ, ಕುಂಡಿ ಹಿಂದಕ್ಕೆ ಬಿಡಬ್ಯಾಡ. ನಾನು ಬೆವರು ಸುರಿಸುತ್ತ ಕಾರ್ಪೆಟ್ಟಿನ ಮೇಲೆ ಬಲಕ್ಕೆ ಬಾಗಿದೆ, ಎಡಕ್ಕೆ ಬಾಗಿದೆ, ಮರಕ್ಕೆ ಡಿಕ್ಕಿ ಹೊಡೆದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನೋವಾಗುತ್ತಿತ್ತು, ಆದರೂ ನಕ್ಕ. ಐದಾರು ಸಲ ಹತ್ತಿ ಇಳಿದ ಮೇಲೆ ಕಣ್ಣು ಮುಚ್ಚಿ, "ಸಾಕಲೆ. ಹೋಗಿ ಬಂದಂಗಾತು" ಅಂದ. ನಾನು ಬಗ್ಗಿ ಬೂಟಿನ ನಾಲ್ಕು ನಾಲ್ಕು ಕೊಂಡಿ ಬಿಚ್ಚತೊಡಗಿದೆ. ಅಳು ತಡೆಯಲಾಗುತ್ತಿರಲಿಲ್ಲ. ಬೇಕೆಂದೇ ನಿಧಾನ ಮಾಡಿದೆ.

ಖಾದರ್ ಮಾರ್ಚಿನಲ್ಲಿ ತೀರಿಕೊಂಡ. ಹೋಗಿ ಮಣ್ಣು ಕೊಟ್ಟು ಬಂದೆ. ಸುಮ ಅನೇಕ ಸಲ ಸಮಾಧಾನ ಹೇಳಿದಳು, "ಕಾಯಿಲೆಗೂ ನಿಮ್ಮ ಬೂಟಿಗೂ ಏನು ಸಂಬಂಧ?" ಎಂದು. ಸಂಬಂಧವಿಲ್ಲ, ನನಗೂ ಗೊತ್ತು. ಆದರೆ ಮೊದಲ ಚಳಿಗಾಲದಲ್ಲಿ ಅವನಿಗೆ ಕಾಯಿಲೆ ಇರಲಿಲ್ಲ. ಇದ್ದದ್ದು ಹದಿನಾಲ್ಕು ಕಾಲಂ ಮಾತ್ರ.

ಮರುವರ್ಷ ಜನವರಿಯಲ್ಲಿ ನಸ್ರೀನ್ ಫೋನ್ ಮಾಡಿದಳು. "ಅಂಕಲ್, ಕಮ್ ದಿಸ್ ಸ್ಯಾಟರ್‌ಡೇ. ಐ ವಿಲ್ ಟೀಚ್ ಯು" ಅಂದಳು. ಹದಿನೇಳು ವರ್ಷದ ಹುಡುಗಿ ಕರೆದಾಗ ಮುಂದೆ ಹಾಕಲು ಬಾಯಿ ಬರಲಿಲ್ಲ. ಡೆಟ್ರಾಯಿಟ್ ಹತ್ತಿರದ ಒಂದು ಪುಟ್ಟ ಗುಡ್ಡ, ಲಿಫ್ಟ್ ಇರುವಂಥದ್ದು. ನಾನು ಡಿಕ್ಕಿಯಿಂದ ನನ್ನ ಬೂಟು ತೆಗೆದೆ. ಅವಳು ಅದನ್ನು ತಿರುಗಿಸಿ ನೋಡಿ, "ನೈಸ್ ಬೂಟ್ಸ್, ಅಂಕಲ್. ಬಟ್ ಯು ಕಾಂಟ್ ಲರ್ನ್ ಇನ್ ದೀಸ್" ಎಂದಳು. ಇಲ್ಲಿ ಬಾಡಿಗೆಗೆ ಕೊಡುವ ಸ್ಕೀಗೆ ಇದು ಹೊಂದುವುದಿಲ್ಲವಂತೆ. ಬಾಡಿಗೆ ಬೂಟಿನ ಸಾಲಿನಲ್ಲಿ, ನನ್ನ ಸೊಂಟದೆತ್ತರದ ಮಕ್ಕಳ ಹಿಂದೆ ನಿಂತೆ. ಕೌಂಟರಿನ ಹುಡುಗಿ ತಲೆಯೆತ್ತದೆ ಸೈಜ್ ಎಷ್ಟೆಂದು ಕೇಳಿದಳು. ಹತ್ತು ಅಂದೆ. ಹಿಂದಿನ ಕಪಾಟಿನಿಂದ ಒಂದು ಜೊತೆ ತೆಗೆದು ಮುಂದಿಟ್ಟಳು. ಅರ್ಧ ನಿಮಿಷ ಆಗಿರಬೇಕು.

ಎಡಗಾಲು ಒತ್ತುತ್ತಿತ್ತು, ಬಲಗಾಲು ಸಡಿಲ, ಒಳಗೆ ಯಾರದೋ ಬೆವರಿನ ವಾಸನೆ. ಅದನ್ನೇ ಹಾಕಿಕೊಂಡು ಬಿದ್ದೆ, ಎದ್ದೆ, ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಬೀಳದೆ ಬಂದೆ. ಕೆಳಗೆ ನಿಂತಿದ್ದ ನಸ್ರೀನ್ ಅವಳ ಅಪ್ಪನ ಹಾಗೆಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎರಡು ವರ್ಷದ ಹಿಂದೆ ಇಂಥದೇ ಒಂದು ಹಳೆಯ ಜೊತೆ ಬಾಡಿಗೆಗೆ ತೆಗೆದುಕೊಂಡಿದ್ದರೆ ಆ ಜಾಗದಲ್ಲಿ ಅವನು ನಿಂತಿರುತ್ತಿದ್ದ. ಸಂಜೆ ಬೂಟು ಹಿಂದಿರುಗಿಸುವಾಗ ಕೌಂಟರಿನ ಹುಡುಗಿ, ಫಿಟ್ ಸರಿಯಿತ್ತಾ ಎಂದು ವಾಡಿಕೆಯಂತೆ ಕೇಳಿದಳು. ಆ ಒಂದು ವಿಷಯದಲ್ಲಿ ಒಂದು ವರ್ಷ ಪೂರ್ತಿ ಕಂಡಕಂಡವರ ತಲೆ ತಿಂದಿದ್ದ ನಾನು, ಸರಿಯಿತ್ತಮ್ಮ ಅಂದೆ. ಕನ್ನಡದಲ್ಲೇ ಅಂದೆನಂತೆ. ನಸ್ರೀನ್ ಆಮೇಲೆ ಹೇಳಿದಳು.