ಬುಗುರಿ ನಿಂತ ಗಳಿಗೆ

ಆಗಬೇಕಾಗಿದ್ದದ್ದು ಅಂಚೆಚೀಟಿಯಷ್ಟಗಲದ ಒಂದು ಫೋಟೋ. ಮಗಳ ಶಾಲೆಯ ಗುರುತಿನ ಚೀಟಿಗೆ, ಅದೂ ಸಂಜೆಯೊಳಗೆ. ಚೀಟಿ ಇಲ್ಲದಿದ್ದರೆ ನಾಳೆಯ ಪ್ರವಾಸವಿಲ್ಲ. ಅಪ್ಪನೇನೋ ಸ್ಟುಡಿಯೋ ಇಟ್ಟಿದ್ದ ಫೋಟೋಗ್ರಾಫರ್. ಆದರೆ ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದ ಅವನ ಮಗಳು ಯಾವ ಫೋಟೋದಲ್ಲೂ ಗಾಳಿಗೆ ಸಿಕ್ಕ ಒದ್ದೆ ಬಟ್ಟೆಯ ಹಾಗೆಯೇ ಕಾಣುತ್ತಿದ್ದಳು.

ಅವಳಿಗೆ ಎಡಿಎಚ್‌ಡಿ ಇದೆ ಎಂದು ವೈದ್ಯೆ ಹೇಳಿದ್ದರು. "ತುಂಟತನ ಅಲ್ಲ ಇದು. ಅವಳ ಬ್ರೇಕು ಸ್ವಲ್ಪ ತಡವಾಗಿ ಹಿಡಿಯುತ್ತೆ. ಅವಳು ಕೆರಳಿದಾಗ ನಿಮ್ಮ ದನಿ ಇಳೀಬೇಕು." ಅಪ್ಪ ತಲೆಯಾಡಿಸಿ ಬಂದಿದ್ದ. ತಲೆಯಾಡಿಸುವುದಕ್ಕೇನು ಕಷ್ಟ?

"ಅಲ್ಲಾಡ್ಬೇಡ!" ಎಂದ ಈಗ. ಬುಗುರಿ ಅಲ್ಲಾಡಿದಳು. "ಅಲ್ಲಾಡ್ಬೇಡ ಅಂದ್ನಲ್ಲ!" ಸ್ಟೂಲೂ ಅಲ್ಲಾಡಿತು.

ಗಲಾಟೆ ಕೇಳಿ ಪಕ್ಕದಂಗಡಿಯ ದರ್ಜಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ. "ಗದರಿಸ್ರೀ ಸರಿಯಾಗಿ, ಕೂರ್ತಾಳೆ." ಅವನ ಹಿಂದೆಯೇ ಔಷಧದಂಗಡಿಯಾಕೆ. "ಗದರಿಸ್ಬೇಡಿ, ಆಸೆ ತೋರ್ಸಿ. ಪುಟ್ಟೀ, ಇಲ್ನೋಡು!" ಎನ್ನುತ್ತ ಮಾತ್ರೆ ಡಬ್ಬಿಯನ್ನು ಗಿಲಕಿಯಂತೆ ಆಡಿಸಿದಳು. ದರ್ಜಿ ಚಪ್ಪಾಳೆ ತಟ್ಟಿದ. ಇಬ್ಬರನ್ನೂ ಮೀರಿಸಿ ಅಪ್ಪ ಕಿರುಚಿದ. ಬುಗುರಿ ಕಿವಿ ಮುಚ್ಚಿಕೊಂಡು ಗಿರ್ರನೆ ತಿರುಗಿದಳು. ಹಿಂದೆ ಕಟ್ಟಿದ್ದ ನೀಲಿ ಪರದೆ ಅವಳ ಮೊಣಕೈಗೆ ಸಿಕ್ಕಿ ಕಳಚಿ ದರ್ಜಿಯ ತಲೆಯ ಮೇಲೆ ಬಿತ್ತು.

"ಎಲ್ರೂ ಸುಮ್ನಿರಿ!" ಎಂದಳು ಬುಗುರಿ. ಕಣ್ಣಲ್ಲಿ ನೀರಿತ್ತು, ಮಾತಲ್ಲಿ ಅಳುಕಿರಲಿಲ್ಲ. "ನಂಗೆ ಮೊದ್ಲು ಡಾಕ್ಟರಮ್ಮ ಹೇಳ್ಕೊಟ್ಟ ಹಾಗೆ ಗೋಡೆ ತಳ್ಬೇಕು. ಆಮೇಲೆ ಉಸಿರು. ಅಪ್ಪಾ, ನೀನೂ ಬಾ. ಎಲ್ರಿಗಿಂತ ಜೋರಾಗಿ ನೀನೇ ಕಿರುಚ್ತಿದೀಯ."

ಅವನು ಕ್ಯಾಮೆರಾ ಬಿಟ್ಟು ಬಂದು ಅವಳ ಪಕ್ಕ ನಿಂತ. ಇಬ್ಬರೂ ಗೋಡೆಗೆ ಅಂಗೈ ಊರಿ ಸ್ಟುಡಿಯೋವನ್ನೇ ಆಚೆ ಸರಿಸುವವರಂತೆ ತಳ್ಳಿದರು. ನೋಡಿ ಸುಮ್ಮನಿರಲಾರದೆ ದರ್ಜಿಯೂ ಔಷಧದಂಗಡಿಯಾಕೆಯೂ ಕೈ ಹಚ್ಚಿದರು. ಆಗಷ್ಟೇ ಒಳಗೆ ಬಂದ ಗಿರಾಕಿಯೊಬ್ಬ "ಅಯ್ಯೋ, ಗೋಡೆ ಬೀಳ್ತಿದೆಯಾ?" ಎಂದು ಓಡಿಬಂದು ಹೆಗಲು ಕೊಟ್ಟ.

"ಈಗ ಬಿಸಿ ಹಾಲು ಆರಿಸೋ ಥರ ಊದಿ. ಮೆಲ್ಲಗೆ," ಎಂದಳು ಬುಗುರಿ. ಐದೂ ಜನ ಊದಿದರು. ಅಪ್ಪನ ಭುಜ ತಾನಾಗಿ ಇಳಿಯಿತು. ಇಷ್ಟು ಚಿಕ್ಕ ಜೀವ ತನ್ನೊಳಗಿನ ಬಿರುಗಾಳಿಗೆ ತಾನೇ ಲಗಾಮು ಹಾಕುವುದನ್ನು ಅವನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು. ಗಾಳಿ ನಿಂತ ಮೇಲಿನ ಕೆರೆಯ ಹಾಗಿತ್ತು ಮುಖ. ಕ್ಲಿಕ್!

ಶಾಲೆಯ ಕಚೇರಿ ಮುಚ್ಚುವ ಹೊತ್ತಿಗೆ ಅಪ್ಪ ಮಗಳು ಏದುಸಿರು ಬಿಡುತ್ತ ತಲುಪಿದರು. ಗುಮಾಸ್ತ ಫೋಟೋ ನೋಡಿದ. ಮೇಜಿನ ಮುಂದೆ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದ ಹುಡುಗಿಯನ್ನು ನೋಡಿದ.

"ಇದು ಇವಳ ಅಕ್ಕಂದಾ?"

"ಇವಳದ್ದೇ ಸಾರ್!"

"ಸುಮ್ನಿರಿ ಸ್ವಾಮೀ, ದಿನಾ ನೋಡ್ತೀನಿ ಇವಳನ್ನ. ಗುರುತಿನ ಚೀಟಿ ಅಂದ್ಮೇಲೆ ಗುರುತು ಸಿಗ್ಬೇಡ್ವಾ? ಇಲ್ಲೇ ಕೂರ್ಸಿ, ನಾನೇ ಮೊಬೈಲಲ್ಲಿ ತೆಗೀತೀನಿ. ಯಾವಾಗ್ಲೂ ಇರೋ ಹಾಗೇ ಇರ್ಲಿ."

ಬುಗುರಿಗೆ ಅವಮಾನವಾಯಿತು. ಹೋಗಿ ಗೋಡೆ ತಳ್ಳಿ ಬಂದಳು, ಊದಿದಳು, ಕುರ್ಚಿಯಲ್ಲಿ ಕಲ್ಲಿನ ಗೊಂಬೆಯಾದಳು.

"ಸ್ವಲ್ಪ ಅಲ್ಲಾಡು ಮಗಳೇ," ಎಂದು ಅಪ್ಪ ಅಂಗಲಾಚಿದ.

"ಆಗಲ್ಲಪ್ಪ. ಕಷ್ಟಪಟ್ಟು ಶಾಂತ ಆಗಿದೀನಿ."

ಅಪ್ಪ ಮೂತಿ ಸೊಟ್ಟ ಮಾಡಿದ, ಮೇಜು ಬಡಿದ, ಕೊನೆಗೆ ಕಪ್ಪೆಯಂತೆ ಕುಪ್ಪಳಿಸತೊಡಗಿದ. ಸದ್ದಿಗೆ ಮುಖ್ಯೋಪಾಧ್ಯಾಯಿನಿ ಹೊರಗೆ ಬಂದರು. ಫೋಟೋ ಕೈಗೆತ್ತಿಕೊಂಡು ಹುಡುಗಿಯತ್ತ ನೋಡಿದರು. "ಇವಳೇ ಅಲ್ವೇನ್ರೀ? ಇಲ್ಲಿರೋ ಹಾಗೇ ಕೂತಿದಾಳಲ್ಲ! ಮುದ್ರೆ ಒತ್ತಿ." ಆಮೇಲೆ, ಇನ್ನೂ ನೆಲ ಮುಟ್ಟದಿದ್ದ ಅಪ್ಪನ ಕಡೆ ತಿರುಗಿದರು.

"ಏನ್ರೀ ಇದು ಕುಣಿತ? ಮಗಳನ್ನ ನೋಡಿಯಾದ್ರೂ ಕಲೀಬಾರ್ದಾ? ಹೋಗಿ, ಆ ಮೂಲೇಲಿ ಸುಮ್ನೆ ಕೂತ್ಕೊಳ್ಳಿ!"